ಬೆಳಿಗ್ಗೆ ಮಾತಿಲ್ಲ, ಸಂಜೆ ನಗು: ಇದು ನಾಟಕವೇ?

ಓದುಗರ ಪ್ರಶ್ನೆ, ಮನೋವೈದ್ಯೆಯ ಉತ್ತರ

ಈ ಸಲ ಬಂದ ಕಾಗದಗಳಲ್ಲಿ ಮೂರು ಒಂದೇ ವಿಷಯದವು. ದಿನದ ಒಂದು ಹೊತ್ತಿನಲ್ಲಿ ಮನಸ್ಸು ಪೂರ್ತಿ ಕುಸಿಯುತ್ತದೆ, ಇನ್ನೊಂದು ಹೊತ್ತಿಗೆ ತಾನಾಗಿಯೇ ಏಳುತ್ತದೆ ಅಂತ. ಒಟ್ಟಿಗೇ ಉತ್ತರಿಸುತ್ತಿದ್ದೇನೆ. ಮೊದಲನೆಯದಕ್ಕೆ ಜಾಗ ಜಾಸ್ತಿ ಬೇಕು.

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನಮ್ಮದು ಶಿರಸಿ ತಾಲೂಕಿನ ಒಂದು ಹಳ್ಳಿ, ಅಡಿಕೆ ತೋಟ ಇದೆ. ನಮ್ಮನೆಯವರಿಗೆ 48 ವರ್ಷ. ದೀಪಾವಳಿ ಕಳೆದ ಮೇಲೆ ಅವರು ಮೊದಲಿನ ಹಾಗಿಲ್ಲ. ಬೆಳಗಿನ ಜಾವ 3 ಗಂಟೆಗೆ ಎಚ್ಚರವಾಗುತ್ತದೆ, ಮತ್ತೆ ನಿದ್ದೆ ಬರುವುದಿಲ್ಲ. ಜಗಲಿಯಲ್ಲಿ ಗೋಡೆಗೆ ಒರಗಿ ಕೂತಿರುತ್ತಾರೆ. ನಾನು ಕೊಟ್ಟಿಗೆ ಕೆಲಸ ಮುಗಿಸಿ ಬಂದರೂ ಹಾಗೇ ಕೂತಿರುತ್ತಾರೆ. ಕೊಟ್ಟ ಚಹಾ ಆರಿ ಕೆನೆ ಕಟ್ಟಿರುತ್ತದೆ. ಹಲ್ಲುಜ್ಜಲಿಕ್ಕೂ ಹತ್ತು ಸಲ ಹೇಳಬೇಕು. ತೋಟಕ್ಕೆ ಎಲೆಚುಕ್ಕೆ ರೋಗ ಬಂದಿದ್ದು ತಾನು ಔಷಧಿ ಹೊಡೆಸುವುದು ತಡ ಮಾಡಿದ್ದರಿಂದ, ತನ್ನಿಂದಲೇ ಮನೆ ಹಾಳಾಯಿತು ಅಂತ ಅದೊಂದೇ ಮಾತು. ಮಧ್ಯಾಹ್ನ ಊಟವಾದ ಮೇಲೆ ಸ್ವಲ್ಪ ಪರವಾಗಿಲ್ಲ. ಸಂಜೆಯಾದರೆ ಬೇರೆಯೇ ಮನುಷ್ಯ. ರಾತ್ರಿ ಅಡಿಕೆ ಸುಲಿಯಲು ಅಕ್ಕಪಕ್ಕದವರು ಬಂದಾಗ ಮೆಟ್ಟುಗತ್ತಿ ಎದುರು ಕೂತು ಎಲ್ಲರನ್ನೂ ನಗಿಸುತ್ತಾರೆ. "ಕೆಲಸದ ಹೊತ್ತಿಗೆ ಸರಿಯಾಗಿ ಸೀಕು ಬರ್ತದೆ ಇವನಿಗೆ" ಅಂತ ಅತ್ತೆ ಹೇಳುತ್ತಾರೆ.

ಇನ್ನೊಂದು ವಿಚಿತ್ರ. ಹೋದ ತಿಂಗಳು ಪಕ್ಕದೂರಿನಲ್ಲಿ ಯಕ್ಷಗಾನ ಇತ್ತು. ರಾತ್ರಿಯಿಡೀ ಆಟ ನೋಡಿ ಬಂದವರು ಬೆಳಿಗ್ಗೆ ಎಷ್ಟು ಗೆಲುವಾಗಿದ್ದರೆಂದರೆ, ತಾವೇ ಹಾಲು ಕರೆದು ಡೇರಿಗೆ ಕೊಟ್ಟು ಬಂದರು. ಮಧ್ಯಾಹ್ನ ಮಲಗಿ ಎದ್ದರು ನೋಡಿ, ಮತ್ತೆ ಅದೇ ಮುಖ. ಇದನ್ನು ನೋಡಿದ ಮೇಲಂತೂ ಮನೆಯಲ್ಲಿ ಯಾರೂ ಅವರನ್ನು ನಂಬುತ್ತಿಲ್ಲ. ನನಗೂ ಅನುಮಾನ ಶುರುವಾಗಿದೆ. ಹೋದ ವಾರ ಬೆಳಿಗ್ಗೆ "ನಾನಿಲ್ದಿದ್ರೆ ನಿಮಗೆಲ್ಲ ಹಗುರ" ಅಂದರು. (ಹೆಸರು ಬೇಡ)

ಉತ್ತರ: ನಿಮ್ಮ ಕಾಗದದ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಅದು ಬೇಜಾರಿನಲ್ಲಿ ಬಾಯಿಗೆ ಬಂದ ಮಾತು ಅಂತ ಬಿಟ್ಟುಬಿಡಬೇಡಿ. ಇವತ್ತೇ ಸಂಜೆ, ಅವರು ಸ್ವಲ್ಪ ಹಗುರಾಗಿರುವಾಗ, ಪಕ್ಕದಲ್ಲಿ ಕೂತು ನೇರವಾಗಿ ಕೇಳಿ: "ಸಾಯಬೇಕು ಅನಿಸುತ್ತಾ ನಿಮಗೆ?" ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದಂತೆ ಅಂತ ತುಂಬಾ ಜನ ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ಯಾರೋ ಕೇಳಿದರಲ್ಲ ಅಂತ ಹೆಚ್ಚಿನವರಿಗೆ ಸಮಾಧಾನವೇ ಆಗುತ್ತದೆ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ನಾಳೆಗೆ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇಲ್ಲ ಅಂದರೂ ತೋಟಕ್ಕೆ ಹೊಡೆಯುವ ಔಷಧಿ, ಕಳೆನಾಶಕ ಯಾವುದೂ ಮನೆಯಲ್ಲಿ ಬೇಡ. ನಂಬಿಕಸ್ಥರ ಮನೆಗೆ ಸಾಗಿಸಿ, ಬೀಗ ಹಾಕಿಸಿ.

ಬೆಳಗಿನ ಜಾವ 3ರಿಂದ 6, ಮನೆಯವರೆಲ್ಲ ಮಲಗಿರುವ ಹೊತ್ತು. ಅವರ ಮನಸ್ಸಿನ ಅತಿ ಕೆಟ್ಟ ಹೊತ್ತೂ ಅದೇ. ಆಗ ಯಾರಾದರೂ ಒಬ್ಬರು ಜಗಲಿಯಲ್ಲಿ ಜೊತೆಗಿರಲಿ. ಮಾತಾಡಬೇಕು ಅಂತಿಲ್ಲ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ನೀವೂ ಮಾಡಬಹುದು, ಅವರೂ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ.

ಈಗ ನಿಮ್ಮ ಅತ್ತೆಯವರ ಮಾತಿಗೆ ಬರೋಣ. ಕ್ಷಯದ ಜ್ವರ ಸಂಜೆ ಏರುತ್ತದೆ, ಬೆಳಿಗ್ಗೆ ಮೈ ತಣ್ಣಗಿರುತ್ತದೆ. ಬೆಳಿಗ್ಗೆ ಜ್ವರ ಇಲ್ಲ, ಹಾಗಾದರೆ ಸಂಜೆಯದು ನಾಟಕ ಅಂತ ಯಾರಾದರೂ ಹೇಳುತ್ತಾರಾ? ಖಿನ್ನತೆಗೂ ಹೀಗೆ ಹೊತ್ತು ಗೊತ್ತು ಇದೆ. ಅದರಲ್ಲೂ ಒಂದು ಬಗೆಯ ಖಿನ್ನತೆಗೆ ಬೆಳಗೇ ಶತ್ರು. ವೈದ್ಯರು ಅದಕ್ಕೆ ಮೆಲಂಕೋಲಿಯಾ ಅನ್ನುತ್ತಾರೆ. ರೂಢಿಗಿಂತ ಎರಡು ಗಂಟೆ ಅಥವಾ ಅದಕ್ಕೂ ಮೊದಲೇ ಎಚ್ಚರವಾಗುವುದು, ಬೆಳಿಗ್ಗೆ ತುಂಬಾ ಭಾರ, ಹೊತ್ತು ಏರಿದಂತೆ ಹಗುರ, ಊಟ ಸೇರದೆ ತೂಕ ಇಳಿಯುವುದು, ಕೈಕಾಲು ನಿಧಾನವಾಗುವುದು, ಎಲ್ಲದಕ್ಕೂ ತಾನೇ ಕಾರಣ ಅನ್ನುವ ತಪ್ಪಿತಸ್ಥ ಭಾವ. ನೀವು ಬರೆದಿದ್ದನ್ನು ಇದರ ಪಕ್ಕ ಇಟ್ಟು ನೋಡಿ. ಎಲೆಚುಕ್ಕೆ ರೋಗ ಮಲೆನಾಡಿನ ಎಷ್ಟೋ ತೋಟಗಳಿಗೆ ಬಂದಿದೆ. ನಿಮ್ಮ ಯಜಮಾನರು ಮಾತ್ರ ಅದನ್ನು ತಾವೇ ತಂದ ಹಾಗೆ ಹೊತ್ತುಕೊಂಡು ಕೂತಿದ್ದಾರೆ. ಇದು ಕಾಯಿಲೆಯ ಮಾತು.

ಕಾಗದ ನೋಡಿ ಕಾಯಿಲೆ ಹೆಸರಿಸಬಾರದು, ಗೊತ್ತು. ಮುಖತಃ ನೋಡಿದ ವೈದ್ಯರೇ ತೀರ್ಮಾನಿಸಬೇಕು. ಆದರೆ ಸೋಮಾರಿತನ ಅಲ್ಲ ಅಂತ ಇಲ್ಲಿಂದಲೇ ಹೇಳಬಲ್ಲೆ. ಸೋಮಾರಿಗಳು 3 ಗಂಟೆಗೆ ಏಳುವುದಿಲ್ಲ.

ಈ ಲಕ್ಷಣ ನಮ್ಮಲ್ಲಿ ಸುಲಭವಾಗಿ ಕಣ್ತಪ್ಪುತ್ತದೆ. ಬ್ರಾಹ್ಮೀ ಮುಹೂರ್ತದಲ್ಲಿ ಏಳುವವರ ಮೇಲೆ ನಮಗೆ ಗೌರವ ಜಾಸ್ತಿ. "ನಮ್ಮ ಅಪ್ಪ ಈಗೀಗ 4 ಗಂಟೆಗೇ ಏಳ್ತಾರೆ ಮೇಡಂ" ಅಂತ ಮಕ್ಕಳು ಹೆಮ್ಮೆಯಿಂದ ಹೇಳುವುದನ್ನು ನನ್ನ ಕ್ಲಿನಿಕ್ಕಿನಲ್ಲೇ ಕೇಳಿದ್ದೇನೆ. ಎದ್ದು ಏನು ಮಾಡುತ್ತಾರೆ ಅಂತ ಕೇಳಿದರೆ ಉತ್ತರ ಇರುವುದಿಲ್ಲ. ಸುಮ್ನೆ ಕೂತಿರುತ್ತಾರೆ.

ಮನಸ್ಸು ಹೀಗೆ ಹೊತ್ತು ನೋಡಿ ಏರಿಳಿಯುವುದರಲ್ಲಿ ಮಿದುಳಿನೊಳಗಿನ ಒಂದು ಗಡಿಯಾರದ ಪಾತ್ರ ಇದೆ. ಎರಡೂ ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ ಸುಮಾರು 20,000 ಜೀವಕೋಶಗಳ ಪುಟ್ಟ ಗುಂಪು ಇದೆ. ಮೈಯ ಶಾಖ, ಹಸಿವು, ನಿದ್ದೆ, ಹಾರ್ಮೋನು ಎಲ್ಲಕ್ಕೂ ವೇಳಾಪಟ್ಟಿ ಹಾಕುವುದು ಅದೇ. ಕಣ್ಣಿಗೆ ಬೀಳುವ ಬೆಳಕು ನೋಡಿ ದಿನವೂ ತನ್ನ ಹೊತ್ತು ಸರಿ ಮಾಡಿಕೊಳ್ಳುತ್ತದೆ. ಇಂಥ ಗಡಿಯಾರ ಜೀವಕೋಶದೊಳಗೆ ಹೇಗೆ ಓಡುತ್ತದೆ ಅಂತ ಹಣ್ಣಿನ ನೊಣದಲ್ಲಿ ಕಂಡುಹಿಡಿದ ಅಮೆರಿಕದ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ಕಾರ್ಟಿಸಾಲ್ ಅನ್ನುವ ಹಾರ್ಮೋನು ನಡುರಾತ್ರಿಯ ಹೊತ್ತಿಗೆ ತೀರಾ ಕಮ್ಮಿ ಇದ್ದು, ಜಾವ 2–3 ಗಂಟೆಯಿಂದ ಏರುತ್ತಾ ಹೋಗಿ, ಎದ್ದ ಮೇಲೆ ಅರ್ಧ ಮುಕ್ಕಾಲು ಗಂಟೆಯಲ್ಲಿ ತುದಿ ಮುಟ್ಟುತ್ತದೆ. ದಿನಕ್ಕೆ ನಮ್ಮನ್ನು ಅಣಿ ಮಾಡುವುದು ಅದರ ಕೆಲಸ. ಜೋರಾದ ಖಿನ್ನತೆ ಇರುವ ಎಷ್ಟೋ ಜನರಲ್ಲಿ ಈ ಏರಿಳಿತದ ಲಯ ಕೆಡುತ್ತದೆ. ನಿದ್ದೆಯ ಲಯವೂ ಕೆಡುತ್ತದೆ. ಮಲಗಿ ಒಂದೂವರೆ ಗಂಟೆಗೆ ಬರಬೇಕಾದ ಮೊದಲ ಕನಸಿನ ನಿದ್ದೆ ಬೇಗ ಬಂದುಬಿಡುತ್ತದೆ. ಕಾರ್ಟಿಸಾಲ್ ಒಂದರ ಮೇಲೇ ತಪ್ಪು ಹೊರಿಸಿ, ಅದನ್ನು ಇಳಿಸುವ ಕಷಾಯ ಮಾರುವವರು ಮೊಬೈಲಿನಲ್ಲಿ ಬೇಕಾದಷ್ಟು ಇದ್ದಾರೆ. ದುಡ್ಡು ಉಳಿಸಿಕೊಳ್ಳಿ.

ಆಟ ನೋಡಿ ಬಂದ ಬೆಳಗಿನ ಕತೆ ಓದಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ನಿಮ್ಮ ಮನೆಯವರ ಮೇಲೆ ಅನುಮಾನ ಹುಟ್ಟಿಸಿದ್ದು ಯಾವುದೋ, ನನಗೆ ಅದೇ ದೊಡ್ಡ ಸಾಕ್ಷಿ. ಖಿನ್ನತೆ ಇರುವವರು ಒಂದು ರಾತ್ರಿ ಪೂರ್ತಿ ಎಚ್ಚರ ಇದ್ದರೆ, ಅವರಲ್ಲಿ ಸುಮಾರು ಅರ್ಧ ಜನರಿಗೆ ಮಾರನೇ ದಿನ ಮನಸ್ಸು ಹಗುರಾಗುತ್ತದೆ. ಮಲಗಿ ಎದ್ದ ಮೇಲೆ ಹೆಚ್ಚಿನವರಿಗೆ ಕಾಯಿಲೆ ವಾಪಸ್. 1971ರಲ್ಲಿ ಜರ್ಮನಿಯ ಪ್ಫ್ಲೂಗ್ ಮತ್ತು ಟೋಲೆ ಎಂಬ ವೈದ್ಯರು ಇದರ ಬಗ್ಗೆ ಬರೆದರು, ಆಮೇಲೆ ಬೇರೆ ಬೇರೆ ದೇಶಗಳಲ್ಲಿ ಮತ್ತೆ ಮತ್ತೆ ಇದನ್ನೇ ಕಂಡರು. ಇದನ್ನು ಓದಿರದ, ಶಿರಸಿ ಕಡೆಯ ಒಬ್ಬ ಅಡಿಕೆ ಬೆಳೆಗಾರ ಇದೇ ಕ್ರಮದಲ್ಲಿ ಹಗುರಾಗಿ, ಇದೇ ಕ್ರಮದಲ್ಲಿ ಕುಸಿಯುವ ನಾಟಕ ಕಲಿಯುವುದು ಎಲ್ಲಿಂದ? ಅತ್ತೆಯವರಿಗೆ ಈ ಪ್ಯಾರಾ ಓದಿ ಹೇಳಿ.

ಹಾಗಂತ ವಾರಕ್ಕೊಂದು ಆಟಕ್ಕೆ ಕಳಿಸೋಣ ಅಂದುಕೊಳ್ಳಬೇಡಿ. ಒಂದು ಹಗಲಿನ ಹಗುರಕ್ಕೆ ಕಾಯಿಲೆ ಹೋಗುವುದಿಲ್ಲ. ಖಿನ್ನತೆ ಮತ್ತು ಉನ್ಮಾದ ಎರಡೂ ಬರುವ ಬೈಪೋಲಾರ್ ಕಾಯಿಲೆಯವರಿಗೆ ರಾತ್ರಿ ನಿದ್ದೆಗೆಟ್ಟರೆ ಉನ್ಮಾದ ಕೆರಳಬಹುದು. ಹಿಂದೆ ಯಾವತ್ತಾದರೂ ದಿನಗಟ್ಟಲೆ ನಿದ್ದೆಯೇ ಬೇಡ ಅನ್ನುವಷ್ಟು ಹುರುಪು, ವಿಪರೀತ ಮಾತು, ಕೈಬಿಚ್ಚಿ ಖರ್ಚು ಇದ್ದದ್ದುಂಟಾ? ಇದ್ದರೆ ವೈದ್ಯರಿಗೆ ಮೊದಲು ಅದನ್ನು ಹೇಳಿ. ಮಾತ್ರೆಯ ಆಯ್ಕೆಯೇ ಬದಲಾಗುತ್ತದೆ.

ವೈದ್ಯರ ಹತ್ತಿರ ಹೋಗುವುದರಲ್ಲೂ ಒಂದು ಫಜೀತಿ ಇದೆ. ಸರ್ಕಾರಿ ಆಸ್ಪತ್ರೆಯ ಚೀಟಿ ಬೆಳಿಗ್ಗೆ. ಹಳ್ಳಿಯಿಂದ ಅಲ್ಲಿಗೆ ಮುಟ್ಟಬೇಕಾದರೆ ಬೆಳಗಿನ ಮೊದಲ ಬಸ್ಸು ಹಿಡಿಯಬೇಕು. ಹಲ್ಲುಜ್ಜಲು ಕಷ್ಟ ಪಡುವವರು ಬಸ್ಸು ಹಿಡಿಯುವುದೆಂತು? ಹಾಗಾಗಿ ಸಂಜೆ ಖಾಸಗಿ ಕ್ಲಿನಿಕ್ಕಿಗೆ ಬರುತ್ತಾರೆ. ನನ್ನದೂ ಬಾಗಿಲು ತೆಗೆಯುವುದು ಸಂಜೆ 5ಕ್ಕೇ. ಬಂದವರು ಇಸ್ತ್ರಿ ಮಾಡಿದ ಅಂಗಿ ಹಾಕಿ, ಮಳೆ ಬೆಳೆ ಮಾತಾಡಿ, ಹೇಗಿದ್ದೀರಿ ಅಂದರೆ "ಅಡ್ಡಿಲ್ಲ" ಅನ್ನುತ್ತಾರೆ. ಎದ್ದು ಹೊರಡುವಾಗ ಹೆಂಡತಿ ಬಾಗಿಲ ಹತ್ತಿರ ನಿಂತು ಮೆಲ್ಲಗೆ, "ಬೆಳಿಗ್ಗೆ ನೋಡಬೇಕಿತ್ತು ಮೇಡಂ ನೀವು" ಅನ್ನುತ್ತಾರೆ. ಆ ಮಾತು ಮೊದಲೇ ಬರಬೇಕು. ಹೋಗುವವರೆಗೆ ಒಂದು ನೋಟ್‌ಬುಕ್ಕಿನಲ್ಲಿ ದಿನಕ್ಕೆ ಮೂರು ಹೊತ್ತು, ಬೆಳಿಗ್ಗೆ 7, ಮಧ್ಯಾಹ್ನ 1, ಸಂಜೆ 7ಕ್ಕೆ, ಮನಸ್ಸಿಗೆ ಹತ್ತಕ್ಕೆ ಎಷ್ಟು ಅಂಕ ಅಂತ ಅವರ ಕೈಯಲ್ಲೇ ಬರೆಸಿ. ಎದ್ದ ಹೊತ್ತನ್ನು ನೀವು ಬರೆಯಿರಿ. ಒಂದು ವಾರದ್ದು ಇದ್ದರೆ ಸಾಕು. ಪುಸ್ತಕ ತುಂಬಲಿ ಅಂತ ಹೋಗುವುದನ್ನು ಮುಂದೂಡಬೇಡಿ.

ಎಲ್ಲಿಗೆ ಹೋಗುವುದು? ರಾಜ್ಯ ಸರ್ಕಾರದ ಮನೋಚೈತನ್ಯ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ನಿಮ್ಮಲ್ಲಿ ಯಾವ ವಾರ ಅಂತ ಆಸ್ಪತ್ರೆಗೆ ಫೋನ್ ಮಾಡಿ ಕೇಳಿ. ದೊಡ್ಡ ಆಸ್ಪತ್ರೆಯೇ ಬೇಕಾದರೆ ನಿಮಗೆ ಬೆಂಗಳೂರಿನ ನಿಮ್ಹಾನ್ಸ್‌ಗಿಂತ ಧಾರವಾಡದ ಡಿಮ್ಹಾನ್ಸ್ ಹತ್ತಿರ. ಥೈರಾಯ್ಡ್, ಸಕ್ಕರೆ, ರಕ್ತದ ಹಿಮೋಗ್ಲೋಬಿನ್, ಬಿ12 ಪರೀಕ್ಷೆ ಬರೆದುಕೊಡಬಹುದು, ಮಾಡಿಸಿ.

ಅಲ್ಲಿಯವರೆಗೆ ಮನೆಯಲ್ಲಿ: ಬೆಳಿಗ್ಗೆ ಬುದ್ಧಿ ಹೇಳಬೇಡಿ. ಆ ಹೊತ್ತಿನಲ್ಲಿ ಬುದ್ಧಿಮಾತು ಬೈಗುಳವಾಗಿಯೇ ಕೇಳಿಸುತ್ತದೆ. ಸೊಸೈಟಿ ಸಾಲ, ತೋಟ ಮಾರುವ ಮಾತು, ಮಗಳ ಮದುವೆ, ಇಂಥವೆಲ್ಲ ಬೆಳಿಗ್ಗೆ ಬೇಡವೇ ಬೇಡ. ಅಡಿಕೆ ಕೊನೆ ಕೊಯ್ಯುವ ಕೊನೆಗೌಡರ ಹತ್ತಿರ ಮಾತಾಡುವುದು, ಲೆಕ್ಕ ಬರೆಯುವುದು ಮಧ್ಯಾಹ್ನದ ಮೇಲಿರಲಿ. ಬೆಳಿಗ್ಗೆ ಒಂದೇ ಒಂದು ಕೆಲಸ: ಸೂರ್ಯ ಹುಟ್ಟಿದ ಮೇಲೆ ಅರ್ಧ ಗಂಟೆ ಜಗಲಿಯಿಂದ ಇಳಿದು ಅಡಿಕೆ ಒಣಗಿಸುವ ಅಂಗಳದಲ್ಲಿ ಕೂರುವುದು ಅಥವಾ ಓಡಾಡುವುದು. ತೋಟದ ಒಳಗೆ ಬೇಡ, ಅಲ್ಲಿ ನೆರಳು. ಟ್ಯೂಬ್‌ಲೈಟ್ ಕೋಣೆಯ ಬೆಳಕು 100–300 ಲಕ್ಸ್ (ಲಕ್ಸ್ ಅಂದರೆ ಬೆಳಕಿನ ಅಳತೆ) ಇದ್ದರೆ, ಮೋಡ ಕವಿದ ದಿನದ ಬಯಲಿನಲ್ಲೂ ಸಾವಿರಗಟ್ಟಲೆ ಇರುತ್ತದೆ. ಮಿದುಳಿನ ಗಡಿಯಾರಕ್ಕೆ ಬೇಕಾದ್ದು ಆ ಬೆಳಕು. ಔಷಧಿಯ ಬದಲಿಗಲ್ಲ, ಔಷಧಿಯ ಜೊತೆಗೆ. ಸಂಜೆಯ ನಗುವನ್ನು "ನೋಡಿ, ಈಗ ಹೇಗೆ ಬಂತು" ಅಂತ ಚುಚ್ಚಬೇಡಿ. ಆಗ ಅವರು ಸಂಜೆಯೂ ನಗುವುದನ್ನು ಬಿಟ್ಟುಬಿಡುತ್ತಾರೆ.

ಪ್ರಶ್ನೆ: ನನಗೆ 27. ಬೆಂಗಳೂರಿನಲ್ಲಿ ಕೆಲಸ, ಪಿಜಿಯಲ್ಲಿದ್ದೇನೆ. ಖಿನ್ನತೆ ಅಂದರೆ ಬೆಳಿಗ್ಗೆ ಜಾಸ್ತಿ ಅಂತ ಎಲ್ಲ ಕಡೆ ಓದಿದೆ. ನನ್ನದು ಉಲ್ಟಾ. ಬೆಳಿಗ್ಗೆ ಆಫೀಸಿಗೆ ಹೋಗುತ್ತೇನೆ, ಕೆಲಸ ಮಾಡುತ್ತೇನೆ. ಸಂಜೆ 6 ಆದರೆ ಎದೆ ಮೇಲೆ ಕಲ್ಲು ಇಟ್ಟ ಹಾಗೆ. ರೂಮಿಗೆ ಬಂದು ಚಪ್ಪಲಿಯನ್ನೂ ಬಿಚ್ಚದೆ ಮಂಚದ ಮೇಲೆ ಬೀಳುತ್ತೇನೆ. ರಾತ್ರಿ ಸಿಕ್ಕಿದ್ದೆಲ್ಲ ತಿನ್ನುತ್ತೇನೆ. ಶನಿವಾರ ಭಾನುವಾರ ಬರೀ ನಿದ್ದೆ. ಗೆಳತಿ ಫೋನ್ ಮಾಡಿದರೆ ಅರ್ಧ ಗಂಟೆ ಖುಷಿ. ಮೂರು ತಿಂಗಳಾಯಿತು. ಇದು ಖಿನ್ನತೆಯಾ, ಸುಮ್ನೆ ಬೇಜಾರಾ?

ಉತ್ತರ: ಖಿನ್ನತೆ ಬೆಳಿಗ್ಗೆಯೇ ಬರಬೇಕು ಅಂತ ನಿಯಮ ಇಲ್ಲ. ಸಂಜೆ ಜಾಸ್ತಿಯಾಗುವವರಿದ್ದಾರೆ, ಮಧ್ಯಾಹ್ನ ಕುಸಿಯುವವರಿದ್ದಾರೆ, ಇಡೀ ದಿನ ಒಂದೇ ಸಮ ಇರುವವರೂ ಇದ್ದಾರೆ. 1960ರಲ್ಲಿ ಮ್ಯಾಕ್ಸ್ ಹ್ಯಾಮಿಲ್ಟನ್ ಎಂಬ ವೈದ್ಯರು ಖಿನ್ನತೆ ಅಳೆಯಲು ಒಂದು ಪಟ್ಟಿ ಮಾಡಿದರು, ಈಗಲೂ ಬಳಸುತ್ತೇವೆ. ಬೆಳಿಗ್ಗೆ ಜಾಸ್ತಿಯೋ ಸಂಜೆ ಜಾಸ್ತಿಯೋ ಅನ್ನುವ ಪ್ರಶ್ನೆ ಅದರಲ್ಲಿ 18ನೆಯದು. ಮಜಾ ಏನೆಂದರೆ, ಅಂಕ ಕೂಡುವುದು ಮೊದಲ 17ಕ್ಕೆ ಮಾತ್ರ. ಹೊತ್ತು ನೋಡಿದರೆ ಯಾವ ಬಗೆ ಅಂತ ಗೊತ್ತಾಗಬಹುದು, ಎಷ್ಟು ಜೋರು ಅಂತ ಗೊತ್ತಾಗುವುದಿಲ್ಲ ಅನ್ನುವುದು ಅವರ ಲೆಕ್ಕ. ಹಾಗಾಗಿ ನಿಮ್ಮ ಸಂಜೆಯ ಭಾರ ಯಾರ ಬೆಳಗಿನ ಭಾರಕ್ಕಿಂತಲೂ ಹಗುರದ್ದಲ್ಲ.

ಜಾಸ್ತಿ ನಿದ್ದೆ, ಜಾಸ್ತಿ ತಿನ್ನುವುದು, ಕೈಕಾಲು ಸೀಸದಷ್ಟು ಭಾರ, ಒಳ್ಳೆಯ ಸುದ್ದಿ ಬಂದರೆ ಸ್ವಲ್ಪ ಹೊತ್ತು ಗೆಲುವು. ಖಿನ್ನತೆಯಲ್ಲಿ ಹೀಗೊಂದು ಬಗೆ ಇದೆ. ಗೆಳತಿ ಫೋನ್ ಮಾಡಿದಾಗ ಖುಷಿಯಾಗುತ್ತದೆ, ಅದಕ್ಕೇ ಇದು ಕಾಯಿಲೆಯಲ್ಲ ಅಂತ ನೀವು ಅಂದುಕೊಂಡಿದ್ದರೆ, ಆ ತರ್ಕ ನಡೆಯುವುದಿಲ್ಲ. ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಅಥವಾ ಮಂಕು ಎರಡು ವಾರ, ಹೆಚ್ಚುಕಮ್ಮಿ ದಿನವೂ ಇದ್ದರೆ ನಾವು ವಿಚಾರಿಸಲು ಶುರು ಮಾಡುತ್ತೇವೆ. ನಿಮ್ಮದು ಮೂರು ತಿಂಗಳು. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಸುಮಾರು 20 ವಯಸ್ಕರಿಗೆ ಒಬ್ಬರು ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆ ಅನುಭವಿಸಿದವರು. ನಿಮ್ಮ ಪಿಜಿಯಲ್ಲೇ ಇನ್ನೊಬ್ಬರಿದ್ದರೆ ಆಶ್ಚರ್ಯ ಇಲ್ಲ. ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ನೋಡಿಸಿ, ನಿಮ್ಮ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಎರಡೂ ತಪ್ಪುವುದು ಜಾಸ್ತಿ. ಆಮೇಲೆ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ನಿಮಗೆ ಬೆಳಿಗ್ಗೆ ಶಕ್ತಿ ಇರುತ್ತದಲ್ಲ, ಅಪಾಯಿಂಟ್‌ಮೆಂಟಿಗೆ ಫೋನ್ ಮಾಡುವ ಕೆಲಸ ಬೆಳಿಗ್ಗೆಯೇ ಮುಗಿಸಿ. ಸಂಜೆಗೆ ಇಟ್ಟರೆ ಆಗಲಿಕ್ಕಿಲ್ಲ.

ಸಂಜೆ 6ಕ್ಕೆ ಆಫೀಸಿನಿಂದ ನೇರ ರೂಮಿಗೆ ಹೋಗಬೇಡಿ. ದಾರಿಯಲ್ಲಿ ಪಾರ್ಕು, ತರಕಾರಿ ಅಂಗಡಿ, ಗೆಳತಿಯ ಮನೆ, ಯಾವುದಾದರೂ ಒಂದು ನಿಲ್ದಾಣ ಇರಲಿ. ಮನಸ್ಸು ಬಂದರೆ ಹೋಗುತ್ತೇನೆ ಅಂದರೆ ಆಗುವುದಿಲ್ಲ, ಮನಸ್ಸು ಆ ಹೊತ್ತಿಗೆ ಬರುವುದೇ ಇಲ್ಲ. ಕಾಲು ಮೊದಲು ಹೋಗಲಿ. ಭಾರ ಇಳಿಸಲು ಸಂಜೆ ಒಂದು ಪೆಗ್ ಅನ್ನುವ ಅಭ್ಯಾಸ ಇದ್ದರೆ (ಇದೆ ಅಂತ ನೀವು ಬರೆದಿಲ್ಲ, ಆದರೂ ಹೇಳುತ್ತೇನೆ) ಬಿಡಿ. ಅದು ರಾತ್ರಿಯ ಎರಡನೇ ಅರ್ಧದ ನಿದ್ದೆ ಕೆಡಿಸುತ್ತದೆ.

ಪ್ರಶ್ನೆ: ನಾನು ದಾವಣಗೆರೆಯ ನಿವೃತ್ತ ಶಿಕ್ಷಕ, ವಯಸ್ಸು 69. ಖಿನ್ನತೆಗೆ ಮಾತ್ರೆ ಶುರುವಾಗಿ ಹತ್ತು ದಿನ. ಮಧ್ಯಾಹ್ನದ ಮೇಲೆ ಎಷ್ಟೋ ವಾಸಿ. ಬೆಳಿಗ್ಗೆ ಮಾತ್ರ ಮೊದಲಿನಂತೆಯೇ. ಬೆಳಗಿನ ಮಾತ್ರೆಯನ್ನು ರಾತ್ರಿಗೆ ಬದಲಾಯಿಸಿದರೆ ಬೆಳಿಗ್ಗೆ ಕೆಲಸ ಮಾಡೀತೇ? ಅಥವಾ ನಿಲ್ಲಿಸಲೇ?

ಉತ್ತರ: ಮೇಷ್ಟ್ರೇ, ನಿಲ್ಲಿಸಬೇಡಿ. ಈ ಮಾತ್ರೆಗಳು ಕೆಲಸ ಶುರು ಮಾಡಲು ಎರಡರಿಂದ ನಾಲ್ಕು ವಾರ ಬೇಕು, ಪೂರ್ತಿ ಫಲ ಕಾಣಲು ಆರು ವಾರವೂ ಆಗಬಹುದು. ಹತ್ತು ದಿನಕ್ಕೆ ಮಧ್ಯಾಹ್ನ ವಾಸಿಯಾಗಿದೆ ಅಂದರೆ ಒಳ್ಳೆಯ ಸೂಚನೆಯೇ. ನಾನು ನೋಡಿದ ರೋಗಿಗಳಲ್ಲಿ ಮೊದಲು ಸಂಜೆ ಸರಿಹೋಗುತ್ತದೆ, ಆಮೇಲೆ ಮಧ್ಯಾಹ್ನ, ಎಲ್ಲಕ್ಕಿಂತ ಕೊನೆಗೆ ಬೆಳಗು. ಪೂರ್ತಿ ಗುಣವಾದ ಮೇಲೂ ಕಡಿಮೆ ಅಂದರೆ ಆರು ತಿಂಗಳು ಮುಂದುವರಿಸುತ್ತೇವೆ.

ಮಾತ್ರೆಯ ಹೊತ್ತು ಬದಲಾಯಿಸಿದರೆ ಬೆಳಗು ಸರಿಹೋಗುವುದಿಲ್ಲ. ದಿನವೂ ತೆಗೆದುಕೊಂಡರೆ ಅದು ಇಡೀ ದಿನ ರಕ್ತದಲ್ಲಿ ಇರುತ್ತದೆ. ಬೆಳಿಗ್ಗೆ ಕೊಡುವುದೋ ರಾತ್ರಿ ಕೊಡುವುದೋ ಅನ್ನುವುದು ಬೇರೆ ಲೆಕ್ಕ. ಫ್ಲುಯೊಕ್ಸೆಟಿನ್‌ನಂಥವು ಕೆಲವರ ನಿದ್ದೆ ಕೆಡಿಸುತ್ತವೆ, ಅದಕ್ಕೆ ಬೆಳಿಗ್ಗೆ. ಮಿರ್ಟಜಪಿನ್ ತೂಕಡಿಕೆ ತರುತ್ತದೆ, ಅದಕ್ಕೆ ರಾತ್ರಿ. ನಿಮ್ಮದು ಯಾವುದು ಅಂತ ಬರೆದಿಲ್ಲ. ನಿಮ್ಮ ವೈದ್ಯರನ್ನು ಕೇಳದೆ ಬದಲಾಯಿಸಬೇಡಿ. ಇನ್ನೊಂದು ವಿಷಯ, ನಿಮ್ಮ ವಯಸ್ಸಿನವರಿಗೆ ಮುಖ್ಯ: ಇಂಥ ಕೆಲವು ಮಾತ್ರೆಗಳು ಮೊದಲ ಕೆಲವು ವಾರಗಳಲ್ಲಿ ರಕ್ತದ ಸೋಡಿಯಂ ಇಳಿಸಬಹುದು. ಬಿಪಿಗೆ ಮೂತ್ರ ಹೋಗಿಸುವ ಮಾತ್ರೆಯೂ ನಡೆಯುತ್ತಿದ್ದರೆ ಸಾಧ್ಯತೆ ಹೆಚ್ಚು. ತಲೆ ಗೊಂದಲ, ನಡೆಯುವಾಗ ತೂರಾಡುವುದು, ವಾಕರಿಕೆ ಕಂಡರೆ ಅದನ್ನೂ ಖಿನ್ನತೆಯ ಲೆಕ್ಕಕ್ಕೆ ಹಾಕದೆ, ಅವತ್ತೇ ವೈದ್ಯರಿಗೆ ತೋರಿಸಿ ಸೋಡಿಯಂ ಪರೀಕ್ಷೆ ಮಾಡಿಸಿ.